ಮಲ್ಲಿಗೆಗೆ ಅವರೂ ‘ಮೋಲಿ’ ಎನ್ನುತ್ತಾರೆ: ಚೀನಾದ ಗೆಳತಿಗಾಗಿ ದೇವರಾಜ ಮಾರುಕಟ್ಟೆಯಲ್ಲಿ ಕೊಂಡ ಪರಿಮಳ

2025ರ ದಸರಾ ಮುಗಿದು ಊರಿನ ಗದ್ದಲ ಇಳಿಯುತ್ತಿದ್ದ ದಿನಗಳಲ್ಲಿ, ಗೋಕುಲಂನ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದು ಯೋಗ ಕಲಿಯುತ್ತಿರುವ ಚೀನಾದ ಗೆಳತಿ ತೀರಾ ಮಂಕಾಗಿದ್ದಳು. ಅವರ ಪಂಚಾಂಗದ ಎಂಟನೆಯ ತಿಂಗಳ ಹುಣ್ಣಿಮೆ ಎಂದರೆ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಚಂದ್ರನನ್ನು ನೋಡುವ ಹಬ್ಬ. ಆ ವರ್ಷ ಅದು ಅಕ್ಟೋಬರ್ 6ಕ್ಕೆ, ನಮ್ಮ ಶೀಗಿ ಹುಣ್ಣಿಮೆಯ ಹೊತ್ತಿಗೇ ಬಂದಿತ್ತು. ಮನೆಯದು ಏನು ಹೆಚ್ಚು ನೆನಪಾಗುತ್ತದೆ ಎಂದು ಕೇಳಿದರೆ, ಊರಿನ ಗಾಳಿಯ ಘಮ ಎಂದಳು. ಅವಳ ಊರು ಫುಝೌ. ಬೇಸಿಗೆಯಲ್ಲಿ ಮಲ್ಲಿಗೆ, ಹಬ್ಬದ ಹೊತ್ತಿಗೆ ‘ಗ್ವೇಹ್ವಾ’ ಎಂಬ ಸಣ್ಣ ಹಳದಿ ಹೂವು. ಹಬ್ಬಕ್ಕೆ ಅವಳ ಕೈಗೆ ಒಂದು ಪರಿಮಳವನ್ನೇ ಕೊಡಬೇಕೆಂದು ನಿರ್ಧರಿಸಿ ಎರಡು ದಿನ ಅಂಗಡಿ ಸುತ್ತಿದೆ. ಇಂಥದೇ ಹುಡುಕಾಟದಲ್ಲಿರುವವರಿಗೆ ಉಪಯೋಗವಾಗಲಿ ಎಂದು, ಕೊಂಡದ್ದನ್ನೂ ಕೊಳ್ಳದೆ ಬಿಟ್ಟದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಮೈಸೂರಿನವರಿಗೆ ಉಡುಗೊರೆ ಎಂದಾಕ್ಷಣ ಮನಸ್ಸು ಹೋಗುವುದು ಗಂಧದ ಕಡೆಗೆ. ನಾನೂ ಮೊದಲು ಹೋದದ್ದು ಮಾನಂದವಾಡಿ ರಸ್ತೆಯ ಸರ್ಕಾರಿ ಶ್ರೀಗಂಧದ ಎಣ್ಣೆ ಕಾರ್ಖಾನೆಯ ಮಳಿಗೆಗೆ. ಮೊದಲ ಮಹಾಯುದ್ಧದಿಂದಾಗಿ ಯುರೋಪಿಗೆ ಗಂಧದ ಮರ ಸಾಗಿಸುವುದು ನಿಂತು ಸಂಸ್ಥಾನದಲ್ಲಿ ದಾಸ್ತಾನು ರಾಶಿ ಬಿದ್ದಾಗ, ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ, 1916ರಲ್ಲಿ, ಎಣ್ಣೆ ತೆಗೆಯುವ ಕೆಲಸ ನಮ್ಮಲ್ಲಿಯೇ ಆರಂಭವಾಯಿತು. ಸಾಬೂನು ಬಂದದ್ದು 1918ರಲ್ಲಿ. ಅಲ್ಲಿನ ಗಂಧದ ಎಣ್ಣೆಯ ಬಗ್ಗೆ ನಾನು ಹೇಳಬೇಕಾದ್ದೇನೂ ಇಲ್ಲ. ಒಂದು ಹನಿ ಹಚ್ಚಿಕೊಂಡರೆ ಮೊದಲು ಮೆಲ್ಲಗೆ ಬಂದು, ಸಂಜೆಯಾದರೂ ಮಣಿಕಟ್ಟು ಬಿಡದ ಘಮ ಅದು. ಆದರೂ ಅದನ್ನು ಕೊಳ್ಳಲಿಲ್ಲ. ಚೀನಾದವರಲ್ಲಿ ಉಡುಗೊರೆ ಪಡೆದವರು ಅದಕ್ಕೆ ಸರಿದೂಗುವಂಥದನ್ನು ಮರಳಿ ಕೊಡಬೇಕೆಂಬ ಭಾವನೆ ಗಟ್ಟಿಯಾಗಿದೆ. ಅಷ್ಟು ಬೆಲೆಯ ಸೀಸೆಯನ್ನು ಓದುತ್ತಿರುವ ಹುಡುಗಿಯ ಕೈಗಿಟ್ಟರೆ ಸಂತೋಷಕ್ಕಿಂತ ಭಾರವೇ ಹೆಚ್ಚಾಗುತ್ತಿತ್ತು.

ಅಲ್ಲಿಂದ ತಂದದ್ದು ಮೂರು ಸೋಪುಗಳ ಒಂದು ಪೆಟ್ಟಿಗೆ. ನಾಲ್ಕು ಎಂಬ ಸಂಖ್ಯೆಯ ಉಚ್ಚಾರ ಅವರ ಭಾಷೆಯಲ್ಲಿ ಸಾವು ಎಂಬ ಮಾತಿಗೆ ತೀರಾ ಹತ್ತಿರವಿರುವುದರಿಂದ ಮೂರಿದ್ದದ್ದು ಒಳ್ಳೆಯದೇ ಆಯಿತು. ಗಂಧ ಅವರಿಗೆ ಹೊಸತೇನಲ್ಲ. ಚೀನೀ ಭಾಷೆಯಲ್ಲಿ ಅದು ‘ತಾನ್‌ಶಿಯಾಂಗ್’, ಅದರ ಮೊದಲ ಅಕ್ಷರವನ್ನು ಬೌದ್ಧ ಗ್ರಂಥಗಳ ಜೊತೆ ಹೋದ ನಮ್ಮ ‘ಚಂದನ’ ಎಂಬ ಪದವನ್ನು ಬರೆಯಲು ಬಳಸುತ್ತಿದ್ದರು. ಸೂಝೌ ಊರಿನ ಗಂಧದ ಬೀಸಣಿಗೆಗಳು ಹೆಸರಾದವು. ಗಂಧದ ಸೋಪು ಅವರಲ್ಲೂ ಇದೆ. ಅಂಡಾಕಾರದ ನಮ್ಮ ಸೋಪನ್ನು ಮೂಸಿ ನೋಡಿದ ಗೆಳತಿ, ತನ್ನ ಅಜ್ಜಿ ಬಟ್ಟೆಯ ಪೆಟ್ಟಿಗೆಯಲ್ಲಿ ಮಡಿಕೆಗಳ ನಡುವೆ ಇಂಥದೇ ಸೋಪು ಇಡುತ್ತಿದ್ದರೆಂದು ಹೇಳಿದಾಗ, ಸೀರೆಯ ಬೀರುವಿನಲ್ಲಿ ಸೋಪಿನ ಹೊದಿಕೆಯನ್ನೂ ಬಿಸಾಡದೆ ಇಡುವ ನನ್ನ ತಾಯಿ ನೆನಪಾದರು. ಬೆಲೆಗೂ ಗುಣಕ್ಕೂ ನೋಡಿದರೆ ಈ ಪೆಟ್ಟಿಗೆಗೆ ನಾನು ಪೂರ್ಣ ಅಂಕ ಕೊಡುತ್ತೇನೆ.

ಊದುಬತ್ತಿಯನ್ನು ಬೇಕೆಂದೇ ಬಿಟ್ಟೆ. ಮೈಸೂರಿನ ಊದುಬತ್ತಿ ಎಷ್ಟೇ ಹೆಸರುವಾಸಿಯಾದರೂ ಅವರಲ್ಲಿ ಅದು ಮುಖ್ಯವಾಗಿ ದೇವಸ್ಥಾನಕ್ಕೂ ಗತಿಸಿದ ಹಿರಿಯರ ಪೂಜೆಗೂ ಸೇರಿದ್ದು. ಹಬ್ಬದ ದಿನ ಮನೆಯಿಂದ ದೂರವಿರುವವಳಿಗೆ ಅದು ಬೇಡವೆನಿಸಿತು.

ನನಗೆ ನಿಜವಾಗಿ ಬೇಕಾಗಿದ್ದದ್ದು ಹೂವಿನ ಪರಿಮಳ. ಗ್ವೇಹ್ವಾ ಸಿಗುವುದೇ ಎಂದು ದೇವರಾಜ ಮಾರುಕಟ್ಟೆಯಲ್ಲಿ ಮೂರು ಕಡೆ ವಿಚಾರಿಸಿ, ಹೆಸರನ್ನೇ ಕೇಳಿಲ್ಲ ಎನ್ನಿಸಿಕೊಂಡು, ಕೊನೆಗೆ ಮಲ್ಲಿಗೆಗೆ ಬಂದೆ. ಮಲ್ಲಿಗೆಗೆ ಚೀನೀ ಭಾಷೆಯಲ್ಲಿ ‘ಮೋಲಿ’ ಎನ್ನುತ್ತಾರೆ, ಅದು ಸಂಸ್ಕೃತದ ‘ಮಲ್ಲಿಕಾ’ ಎಂಬುದರಿಂದಲೇ ಹೋದ ಹೆಸರು; ಹೂವೂ ಹೆಸರೂ ಎರಡೂ ಇತ್ತ ಕಡೆಯಿಂದಲೇ ಅಲ್ಲಿಗೆ ಹೋಗಿ, ಫುಝೌ ಊರಿನ ಅಧಿಕೃತ ಹೂವಾಗಿ ನಿಂತಿವೆ. ‘ಅಗಲಬೇಡ’ ಎಂಬ ಮಾತೂ ಅವರಲ್ಲಿ ಹೆಚ್ಚುಕಡಿಮೆ ‘ಮೋಲಿ’ಯಂತೆಯೇ ಕೇಳಿಸುತ್ತದೆಂದು ಗೆಳತಿ ಆಮೇಲೆ ಹೇಳಿದಳು.

ಮಲ್ಲಿಗೆಯ ಎಣ್ಣೆ ಕೊಳ್ಳುವಾಗ ಎಚ್ಚರ ಬೇಕು. ಗಂಧದಂತೆ ಮಲ್ಲಿಗೆಯನ್ನು ಹಬೆಯಲ್ಲಿ ಭಟ್ಟಿ ಇಳಿಸಿದರೆ ಬಿಸಿಗೆ ಘಮವೇ ಕೆಡುತ್ತದೆ. ಹಾಗಾಗಿ ದ್ರಾವಕದಲ್ಲಿ ನೆನೆಸಿ ಸಾರ ತೆಗೆಯುತ್ತಾರೆ, ಒಂದು ಕಿಲೋ ಸಾರಕ್ಕೆ ನೂರಾರು ಕಿಲೋ ಹೂವು ಬೇಕಾಗುತ್ತದೆ. ಇಷ್ಟು ತಿಳಿದರೆ ಸಣ್ಣ ದುಡ್ಡಿಗೆ ಸಿಗುವ ‘ಶುದ್ಧ ಮಲ್ಲಿಗೆ ಎಣ್ಣೆ’ ಏನೆಂಬುದು ಯಾರಿಗಾದರೂ ಹೊಳೆಯುತ್ತದೆ. ಮೊದಲ ದಿನ ಮಾರುಕಟ್ಟೆಯ ಹೊರಗಿನ ಒಂದು ಅಂಗಡಿಯಲ್ಲಿ, ನೂರಕ್ಕೆ ನೂರು ಹೂವಿನದೇ ಎಂದು ಆಣೆಯಿಟ್ಟು ಹೇಳಿದ ಸೀಸೆಯನ್ನು ನಂಬಿ ತಂದೆ. ಕರವಸ್ತ್ರಕ್ಕೆ ಒಂದು ಹನಿ ಹಾಕಿಟ್ಟು ಬೆಳಿಗ್ಗೆ ನೋಡಿದರೆ ಉಳಿದದ್ದು ಕಳಿತ ಬಾಳೆಹಣ್ಣಿನ ವಾಸನೆ, ತಲೆನೋವು ಬೇರೆ. ಬೆರಕೆ ಮಾರಿದ್ದಕ್ಕಿಂತ ಸುಳ್ಳು ಹೇಳಿದ್ದು ನನಗೆ ಹೆಚ್ಚು ನೋವು ತಂದಿತು.

ಮರುದಿನ ಮಾರುಕಟ್ಟೆಯ ಒಳಗೆ, ಕುಂಕುಮದ ರಾಶಿಗಳ ಸಾಲಿನಲ್ಲಿರುವ ಸಣ್ಣ ಅಂಗಡಿಗೆ ಹೋದೆ. ಅಲ್ಲಿನ ಹಿರಿಯರು ಬಿರಟೆ ತೆಗೆದು, ಗಾಜಿನ ಕಡ್ಡಿಯನ್ನು ಅದ್ದಿ, ಹನಿ ಸೀಸೆಯ ಅಂಚಿಗೆ ಒರೆಸಿ, ನನ್ನ ಮುಂಗೈ ಮೇಲೆ ಒಂದು ಗೆರೆ ಎಳೆದರು. “ಅಮ್ಮ, ಇದು ಪೂರ್ತಿ ಹೂವಿಂದಲ್ಲ, ಬೇರೆ ಎಣ್ಣೆ ಬೆರೆಸಿದ್ದೀವಿ. ಪೂರ್ತಿ ಹೂವಿಂದೇ ಬೇಕಂದ್ರೆ ಈ ದುಡ್ಡಿಗೆ ಬರಲ್ಲ. ಹೋಗಿ ಮಾರ್ಕೆಟ್ ಒಂದು ಸುತ್ತು ಹಾಕ್ಕೊಂಡು ಬಂದು ಆಮೇಲೆ ತಗೊಳ್ಳಿ” ಎಂದರು. ಅರ್ಧ ಗಂಟೆ ಬಿಟ್ಟು ಮೂಸಿದಾಗ ಮೊದಲಿನ ಸಿಹಿ ಇಳಿದು, ಮುಡಿದ ಹೂವು ರಾತ್ರಿಯಾದ ಮೇಲೆ ಕೊಡುವ ದಟ್ಟವಾದ, ಸ್ವಲ್ಪ ಮಣ್ಣಿನಂಥ ಘಮ ಮೇಲೆ ಬಂದಿತ್ತು. ಅತಿ ಸಣ್ಣ ಸೀಸೆಯೊಂದನ್ನು ಕೊಂಡೆ. ಬಿರಟೆ ಸಡಿಲ ಎಂಬುದೊಂದೇ ಕೊರತೆ; ಮನೆಗೆ ಬರುವಷ್ಟರಲ್ಲಿ ಸುತ್ತಿದ ಕಾಗದ ಒದ್ದೆಯಾಗಿತ್ತು.

ಹೂವಿನ ಸಾಲಿನಲ್ಲಿ ದುಂಡು ಮಲ್ಲಿಗೆಯ ಬಿಡಿ ಮೊಗ್ಗು ಕೇಳಿದ್ದು ಬೇರೆ ಕಾರಣಕ್ಕೆ. ಫುಝೌನಲ್ಲಿ ಚಹಾಕ್ಕೆ ಬಳಸುವುದೂ ಇದೇ ಜಾತಿಯ ಮಲ್ಲಿಗೆ: ಮಧ್ಯಾಹ್ನ ಬಿಡಿಸಿದ ಮೊಗ್ಗನ್ನು ಸಂಜೆ ಚಹಾ ಎಲೆಯ ಜೊತೆ ಬೆರೆಸಿಡುತ್ತಾರೆ, ರಾತ್ರಿ ಅರಳುವಾಗ ಬಿಡುವ ಘಮವನ್ನು ಎಲೆ ಹೀರಿಕೊಳ್ಳುತ್ತದೆ, ಬೆಳಿಗ್ಗೆ ಹೂವನ್ನು ಆರಿಸಿ ತೆಗೆದು ಎಲೆಯನ್ನು ಒಣಗಿಸಿ, ಹೊಸ ಹೂವಿನೊಡನೆ ಮತ್ತೆ ಮತ್ತೆ ಹೀಗೆಯೇ ಮಾಡುತ್ತಾರೆ. ಚಹಾಕ್ಕೆ ಎಂದು ತಿಳಿದ ಕೂಡಲೇ ಹೂವಾಡಗಿತ್ತಿ ತೂಕಕ್ಕೆ ಹಾಕಿದ್ದ ಮೊಗ್ಗನ್ನು ಹಿಂದಕ್ಕೆ ಸುರಿದುಕೊಂಡು, “ಔಷಧಿ ಹೊಡೆದಿರೋ ಹೂವು ಅಕ್ಕ, ಕುಡಿಯೋಕೆ ಬೇಡ, ಮುಡಿಯೋಕೆ ತಗೊಂಡು ಹೋಗಿ” ಎಂದು ಎರಡು ಮೊಳ ಕೊಟ್ಟಳು. ಚಹಾಕ್ಕೆ ಪಕ್ಕದ ಮನೆಯವರ ಕುಂಡದಿಂದ ಒಂದು ಹಿಡಿ ಮೊಗ್ಗು ಸಿಕ್ಕಿತು; ನೀಲಗಿರಿಯ ಹಸಿರು ಚಹಾ ಮನೆಯಲ್ಲೇ ಇತ್ತು.

ಹುಣ್ಣಿಮೆಯ ಸಂಜೆ ಎಲ್ಲವನ್ನೂ ಕೆಂಪು ಕಾಗದದಲ್ಲಿ ಸುತ್ತಿ, ಎರಡೂ ಕೈಯಿಂದ ಕೊಟ್ಟೆ. ಬಿಳಿ ಅವರಲ್ಲಿ ಸೂತಕದ ಬಣ್ಣ. ಅವಳು ನನ್ನೆದುರು ತೆರೆಯಲಿಲ್ಲ, ಅದು ಅವರ ಮರ್ಯಾದೆ. ಹೂವನ್ನು ಮಾತ್ರ ಆಗಲೇ ಮಣಿಕಟ್ಟಿಗೆ ಸುತ್ತಿಕೊಂಡಳು, ತಮ್ಮಲ್ಲಿ ಮಲ್ಲಿಗೆಯನ್ನು ಹೀಗೆ ಬಳೆಯಂತೆ ಕಟ್ಟಿಕೊಳ್ಳುತ್ತಾರೆ ಎಂದಳು. ಮಾರನೆಯ ಬೆಳಿಗ್ಗೆ ಮೆಟ್ಟಿಲಿಳಿದು ಬಂದು ಚಹಾದ ಲೋಟವನ್ನು ನನ್ನ ಕೈಗಿಟ್ಟಾಗ ಅವಳ ಕಣ್ಣು ಊದಿಕೊಂಡಿತ್ತು, ಮುಖ ಮಾತ್ರ ಹಗುರವಾಗಿತ್ತು. ಒಂದೇ ರಾತ್ರಿಯ ಚಹಾ ಆದ್ದರಿಂದ ಘಮ ತೆಳುವಾಗಿಯೇ ಇತ್ತು. ಸೋಪು ಅವಳ ಬಟ್ಟೆಗಳ ನಡುವೆ ಇನ್ನೂ ಒಡೆಯದೆ ಕೂತಿದೆ. ಎಣ್ಣೆಯ ಸೀಸೆ ಅರ್ಧ ಖಾಲಿಯಾಗಿದೆ; ತಾಯಿಗೆ ಕಳಿಸಲು ಇನ್ನೊಂದು ಬೇಕಂತೆ. ಶನಿವಾರ ಮಧ್ಯಾಹ್ನ ಇಬ್ಬರೂ ಅದೇ ಹಿರಿಯರ ಅಂಗಡಿಗೆ ಹೋಗುವವರಿದ್ದೇವೆ, ಈ ಸಲ ಬಿರಟೆ ಗಟ್ಟಿಯಿರುವ ಸೀಸೆಯನ್ನು ಕೇಳಿ ತರುತ್ತೇವೆ.