ಐದು ಸೆಮಿಸ್ಟರ್ ದುಡಿದ ಬಜೆಟ್ ಗೇಮಿಂಗ್ ಲ್ಯಾಪ್‌ಟಾಪ್: ಪೆಟ್ಟಿಗೆಯ ಮೇಲೆ ಬರೆಯದ ಅಂಕಿಗಳ ಕಥೆ

ಹಗಲು ತರಗತಿ, ಲ್ಯಾಬ್, ರಾತ್ರಿ ಗೇಮ್. ಹೀಗೆ ಐದು ಸೆಮಿಸ್ಟರ್ ಬಳಸಿದ ಯಂತ್ರದ ವಿಮರ್ಶೆ ಇದು. ಇಂಟೆಲ್ ಐ5-13420ಎಚ್ ಪ್ರೊಸೆಸರ್, 6 ಜಿಬಿ ಮೆಮೊರಿಯ ಎನ್‌ವಿಡಿಯಾ ಆರ್‌ಟಿಎಕ್ಸ್ 4050 ಗ್ರಾಫಿಕ್ಸ್ ಕಾರ್ಡ್, ಕೊಂಡಾಗ ಇದ್ದದ್ದು 8 ಜಿಬಿಯ ಒಂದೇ ರ‍್ಯಾಮ್ ಸ್ಟಿಕ್, 512 ಜಿಬಿ ಎಸ್‌ಎಸ್‌ಡಿ, 15.6 ಇಂಚಿನ 144 ಹರ್ಟ್ಸ್ ಪರದೆ, 57 ವ್ಯಾಟ್-ಅವರ್ ಬ್ಯಾಟರಿ. ಕಂಪನಿಯ ಹೆಸರು ಬೇಕೆಂದೇ ಬರೆದಿಲ್ಲ. ಹೆಚ್ಚುಕಡಿಮೆ ಇದೇ ಪಟ್ಟಿ ನಾಲ್ಕೈದು ಕಂಪನಿಗಳ ಪೆಟ್ಟಿಗೆಯ ಮೇಲೂ ಇರುತ್ತದೆ. ಒಂದೇ ಮಾದರಿಯ ಹೆಸರಿನಡಿ ಎರಡು ಬಗೆಯ ಪರದೆ, ಎರಡು ಬಗೆಯ ಬ್ಯಾಟರಿ ಬರುವುದೂ ಉಂಟು. ಐದು ಸೆಮಿಸ್ಟರ್‌ನಲ್ಲಿ ಖುಷಿ ಕೊಟ್ಟದ್ದೂ ಕಿರಿಕಿರಿ ಮಾಡಿದ್ದೂ ಹೆಚ್ಚಾಗಿ ಆ ಪಟ್ಟಿಯಲ್ಲಿ ಅಚ್ಚಾಗದ ಅಂಕಿಗಳೇ.

ಮೊದಲನೆಯದು ವ್ಯಾಟ್. ಲ್ಯಾಪ್‌ಟಾಪ್‌ನ ಆರ್‌ಟಿಎಕ್ಸ್ 4050 ಚಿಪ್ಪನ್ನು ತಯಾರಕರು 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ ಎಷ್ಟಕ್ಕೆ ಬೇಕಾದರೂ ಮಿತಿಗೊಳಿಸಬಹುದು. ಹೆಸರು ಒಂದೇ, ಚಿಪ್ಪೂ ಒಂದೇ. ಆದರೆ 45 ವ್ಯಾಟ್‌ನ ತೆಳು ಯಂತ್ರ, 95 ವ್ಯಾಟ್‌ನ ದಪ್ಪ ಯಂತ್ರ ಪಕ್ಕಪಕ್ಕ ಇಟ್ಟು ಆಡಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಇದರಲ್ಲಿರುವುದು 75. ನೂರರ ಆಸುಪಾಸು ದಾಟಿದ ಮೇಲೆ ಹೆಚ್ಚುವರಿ ವ್ಯಾಟ್‌ನಿಂದ ಈ ಚಿಪ್ಪಿಗೆ ಸಿಗುವ ಲಾಭ ತೀರಾ ಕಡಿಮೆ, ಹಾಗಾಗಿ 115ರ ಹಿಂದೆ ಬೀಳಬೇಕಿಲ್ಲ. ಜಾಹೀರಾತಿನಲ್ಲಿ '60+15' ಎಂದಿದ್ದರೆ ಆ 15 ಡೈನಾಮಿಕ್ ಬೂಸ್ಟ್: ಪ್ರೊಸೆಸರ್ ಬಿಡುವಾಗಿದ್ದಾಗ ಅದರ ಪಾಲಿನಿಂದ ಬರುವ ಎರವಲು. ಪ್ರೊಸೆಸರೇ ಬೆವರು ಸುರಿಸುವ ಆಟಗಳಲ್ಲಿ ಆ ಎರವಲು ಸಿಗುವುದಿಲ್ಲ. ಅಂಗಡಿಯಲ್ಲಿ ಡೆಮೊ ಯಂತ್ರವಿದ್ದರೆ ಎನ್‌ವಿಡಿಯಾ ಕಂಟ್ರೋಲ್ ಪ್ಯಾನಲ್ ತೆರೆದು, ಸಿಸ್ಟಮ್ ಇನ್‌ಫರ್ಮೇಶನ್‌ನಲ್ಲಿ ಮ್ಯಾಕ್ಸಿಮಮ್ ಗ್ರಾಫಿಕ್ಸ್ ಪವರ್ ಎಂಬ ಸಾಲು ನೋಡಿ. ಎರಡು ನಿಮಿಷದ ಕೆಲಸ.

ಬಜೆಟ್ ಇನ್ನೂ ಬಿಗಿಯಾಗಿ ಆರ್‌ಟಿಎಕ್ಸ್ 2050 ಅಥವಾ 3050ರತ್ತ ಇಳಿಯುವವರು ಗಮನಿಸಬೇಕಾದ್ದು: 2050ರ ಮೆಮೊರಿ ಬಸ್ (ಚಿಪ್ಪಿಗೂ ಮೆಮೊರಿಗೂ ನಡುವಿನ ದಾರಿ) ಬರೀ 64 ಬಿಟ್, ಮೆಮೊರಿ 4 ಜಿಬಿ. 3050ರಲ್ಲಿ 4 ಜಿಬಿಯದೂ ಇದೆ, ಆಮೇಲೆ ಬಂದ 6 ಜಿಬಿಯದೂ ಇದೆ, ಎರಡನೆಯದನ್ನೇ ಕೇಳಿ. ಇಂದಿನ ದೊಡ್ಡ ಆಟಗಳಿಗೆ 4 ಜಿಬಿ ಸಾಲದು. 6 ಜಿಬಿಯೇ ಅಂಚಿನಲ್ಲಿದೆ: 1080ಪಿಯಲ್ಲಿ ಟೆಕ್ಸ್ಚರ್ (ವಸ್ತುಗಳ ಮೇಲ್ಮೈ ಚಿತ್ರ) ಅನ್ನು ಅಲ್ಟ್ರಾಗೆ ಇಟ್ಟರೆ ಮೆಮೊರಿ ತುಂಬಿ, ಮಿಕ್ಕಿದ್ದು ಸಿಸ್ಟಮ್ ರ‍್ಯಾಮ್‌ಗೆ ಹರಿಯುತ್ತದೆ. ಆಗ ಸರಾಸರಿ ಫ್ರೇಮ್ ಲೆಕ್ಕ ಚೆನ್ನಾಗಿಯೇ ಕಾಣುತ್ತದೆ, ಆಟ ಮಾತ್ರ ಎರಡು ಸೆಕೆಂಡಿಗೊಮ್ಮೆ ಮುಗ್ಗರಿಸುತ್ತದೆ. ಟೆಕ್ಸ್ಚರ್ ಒಂದನ್ನೇ ಮೀಡಿಯಂಗೆ ಇಳಿಸಿದರೆ ಮುಗ್ಗರಿಸುವುದು ನಿಲ್ಲುತ್ತದೆ, ಬೇರೆಲ್ಲವನ್ನೂ ಹೈನಲ್ಲೇ ಬಿಡಬಹುದು. ಡಿಎಲ್‌ಎಸ್‌ಎಸ್ ಕ್ವಾಲಿಟಿ ಮೋಡ್ ಒಳಗೊಳಗೆ 720ಪಿಯಲ್ಲಿ ಚಿತ್ರ ಬಿಡಿಸಿ ಹಿಗ್ಗಿಸುವುದರಿಂದ ಹೊರೆ ಕಡಿಮೆಯಾಗುತ್ತದೆ. ನಡುನಡುವೆ ಕೃತಕ ಫ್ರೇಮ್ ಸೇರಿಸುವ ಫ್ರೇಮ್ ಜನರೇಶನ್‌ಗೆ ಮಾತ್ರ ತಾನೇ ಒಂದಷ್ಟು ಮೆಮೊರಿ ಬೇಕು. 6 ಜಿಬಿಯ ಕಾರ್ಡ್‌ನಲ್ಲಿ ಅದನ್ನು ಹಾಕಿ ಆಟ ಕೆಡುವುದೇ ಹೆಚ್ಚು. ವ್ಯಾಲರಂಟ್, ಕೌಂಟರ್-ಸ್ಟ್ರೈಕ್ 2 ಥರದವಕ್ಕೆ ಈ ತಲೆನೋವಿಲ್ಲ, ಅವು ಪ್ರೊಸೆಸರ್ ಮತ್ತು ರ‍್ಯಾಮ್ ವೇಗದ ಮೇಲೆ ನಿಂತಿವೆ.

ರ‍್ಯಾಮ್ ವಿಷಯಕ್ಕೆ ಬಂದರೆ, ಒಂದೇ ಸ್ಟಿಕ್ ಹಾಕಿ ಮಾರುವುದು ಈ ವರ್ಗದ ದೊಡ್ಡ ಕಂಜೂಸುತನ. ಡಿಡಿಆರ್5-4800ರ ಒಂದು ಸ್ಟಿಕ್‌ನಿಂದ ಸೆಕೆಂಡಿಗೆ ಹೆಚ್ಚೆಂದರೆ 38.4 ಜಿಬಿ ದತ್ತಾಂಶ ಹರಿಯುತ್ತದೆ, ಎರಡಿದ್ದರೆ 76.8. ಅದಕ್ಕಿಂತ ಮುಖ್ಯವಾಗಿ, ವಿಂಡೋಸ್ 11, ಇಪ್ಪತ್ತು ಟ್ಯಾಬ್‌ಗಳ ಬ್ರೌಸರ್, ಆಂಡ್ರಾಯ್ಡ್ ಸ್ಟುಡಿಯೋ, ಅದರ ಎಮ್ಯುಲೇಟರ್ ಇಷ್ಟು ಸೇರಿದರೆ 8 ಜಿಬಿ ತುಂಬಿ ತುಳುಕುತ್ತದೆ. ಕೀಬೋರ್ಡ್ ತುಂಬ ಬಣ್ಣದ ದೀಪ ಕೊಟ್ಟು ರ‍್ಯಾಮ್ 8 ಜಿಬಿಗೆ ನಿಲ್ಲಿಸುವುದು, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುತ್ತಾರಲ್ಲ, ಅದೇ. ಕೊಳ್ಳುವ ಮುನ್ನ ರ‍್ಯಾಮ್ ಬೋರ್ಡಿಗೇ ಬೆಸುಗೆಯಾಗಿದೆಯೋ, ಖಾಲಿ ಸ್ಲಾಟ್ ಇದೆಯೋ ವಿಚಾರಿಸಿ. ಇದರಲ್ಲಿ ಎರಡು ಸ್ಲಾಟ್ ಇವೆ; ಅಷ್ಟೇ ಸಾಮರ್ಥ್ಯದ, ಅಷ್ಟೇ ವೇಗದ ಇನ್ನೊಂದು ಸ್ಟಿಕ್ ಹಾಕಿ 16 ಜಿಬಿ ಮಾಡಿದ್ದೇ ಇಡೀ ಅವಧಿಯಲ್ಲಿ ಅತಿ ಹೆಚ್ಚು ಫಲ ಕೊಟ್ಟ ಖರ್ಚು.

ಹಾಕುವ ಕ್ರಮ ಕಷ್ಟವೇನಲ್ಲ. ಹಿಂಬದಿ ತೆರೆದರೆ ವಾರಂಟಿಗೆ ಧಕ್ಕೆಯಿಲ್ಲವೆಂದು ಮೊದಲು ಖಚಿತಪಡಿಸಿಕೊಳ್ಳಿ. ಶಿಫ್ಟ್ ಕೀ ಒತ್ತಿಹಿಡಿದು ಶಟ್‌ಡೌನ್ ಮಾಡಿ, ಇಲ್ಲದಿದ್ದರೆ ಫಾಸ್ಟ್ ಸ್ಟಾರ್ಟಪ್‌ನಿಂದಾಗಿ ವಿಂಡೋಸ್ ಅರೆನಿದ್ದೆಯಲ್ಲೇ ಉಳಿಯುತ್ತದೆ. ಚಾರ್ಜರ್ ಕಿತ್ತು, ಸ್ಕ್ರೂಗಳನ್ನು ತೆಗೆದ ಜಾಗದ ಕ್ರಮದಲ್ಲೇ ಒಂದು ಹಾಳೆಯ ಮೇಲೆ ಜೋಡಿಸಿಡಿ. ಉದ್ದ ಬೇರೆ ಬೇರೆ ಇರುತ್ತದೆ, ಉದ್ದನೆಯದು ತಪ್ಪು ತೂತಿಗೆ ಹೋದರೆ ಅಂಗೈ ಇಡುವ ಪ್ಲಾಸ್ಟಿಕ್ ಮೇಲೆ ಗುಬುಟು ಏಳುತ್ತದೆ. ಮುಚ್ಚಳ ಬಿಡಿಸಲು ಹಳೆಯ ಪ್ಲಾಸ್ಟಿಕ್ ಕಾರ್ಡ್ ಸಾಕು, ಸ್ಕ್ರೂಡ್ರೈವರ್ ತುದಿ ಬೇಡ. ಬ್ಯಾಟರಿ ಕನೆಕ್ಟರ್ ಬಿಡಿಸಿದ ಮೇಲೆಯೇ ಸ್ಟಿಕ್ ಮುಟ್ಟಿ. ಓರೆಯಾಗಿ ತೂರಿಸಿ, ಚಿನ್ನದ ಬಣ್ಣದ ಅಂಚು ಪೂರ್ತಿ ಒಳಹೋದ ಮೇಲೆ ಕೆಳಗೆ ಒತ್ತಿದರೆ ಎರಡೂ ಬದಿಯ ಕ್ಲಿಪ್ ಟಕ್ ಎನ್ನುತ್ತವೆ. ಬಹಳ ಮಂದಿ ಗಾಬರಿಬೀಳುವುದು ಇದಾದ ಮೇಲೆ: ಮೊದಲ ಬಾರಿ ಆನ್ ಮಾಡಿದಾಗ ಡಿಡಿಆರ್5 ತನ್ನನ್ನು ತಾನು ಹೊಂದಿಸಿಕೊಳ್ಳಲು ಒಂದೆರಡು ನಿಮಿಷ, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು ಪರದೆ ಕಪ್ಪಾಗಿಯೇ ಇರುತ್ತದೆ. ನಡುವೆ ಪವರ್ ಬಟನ್ ಒತ್ತಬೇಡಿ.

ಓದಿನ ಸಾಫ್ಟ್‌ವೇರ್‌ಗಳಲ್ಲಿ ಗ್ರಾಫಿಕ್ಸ್ ಕಾರ್ಡ್‌ನ ಪಾತ್ರವನ್ನು ಅಗತ್ಯಕ್ಕಿಂತ ಹೆಚ್ಚು ಹೊಗಳುತ್ತಾರೆ. 3ಡಿ ವಿನ್ಯಾಸದ ಸಾಲಿಡ್‌ವರ್ಕ್ಸ್‌ನಲ್ಲಿ ಮಾಡೆಲ್ ಕಟ್ಟುವ ಕೆಲಸ ಬಹುಪಾಲು ಒಂದೇ ಕೋರ್‌ನ ಮೇಲೆ ನಡೆಯುತ್ತದೆ. ಅದರ ಪ್ರಮಾಣೀಕೃತ ಪಟ್ಟಿಯಲ್ಲಿ ಜಿಫೋರ್ಸ್ (ಈ 4050ಯಂಥ ಗೇಮಿಂಗ್) ಕಾರ್ಡ್‌ಗಳಿಲ್ಲ, ಆದರೂ ಕಾಲೇಜಿನ ಪ್ರಾಜೆಕ್ಟ್‌ನಷ್ಟು ದೊಡ್ಡ ಅಸೆಂಬ್ಲಿಗಳನ್ನು ಇದು ಸಲೀಸಾಗಿ ತಿರುಗಿಸುತ್ತದೆ. ಸಿಮ್ಯುಲೇಶನ್‌ಗೆ ಬಳಸುವ ಆನ್‌ಸಿಸ್ ಬೇರೆಯೇ ಕಥೆ. ಅಲ್ಲಿ ಲೆಕ್ಕಗಳು ಹೆಚ್ಚಾಗಿ 64 ಬಿಟ್ ನಿಖರತೆಯವು. ಜಿಫೋರ್ಸ್‌ನಲ್ಲಿ ಆ ಲೆಕ್ಕದ ವೇಗ 32 ಬಿಟ್ ವೇಗದ 64ನೇ ಒಂದು ಭಾಗ ಮಾತ್ರ. ಲೆಕ್ಕ ಬಿಡಿಸುವ ಸಾಲ್ವರ್‌ಗೆ ಬೇಕಾದ್ದು ರ‍್ಯಾಮ್ ಮತ್ತು ಗಟ್ಟಿ ಕೋರ್‌ಗಳು. ರ‍್ಯಾಮ್ ಸಾಲದೆ ಹೋದರೆ ಮಧ್ಯದ ಫಲಿತಾಂಶವೆಲ್ಲ ಡಿಸ್ಕಿಗೆ ಬರೆಯುತ್ತಾ ಕೂರುತ್ತದೆ. ಐ5-13420ಎಚ್‌ನಲ್ಲಿ 4 ದೊಡ್ಡ ಕೋರ್, 4 ಚಿಕ್ಕ ಕೋರ್ ಇವೆ. ಎಂಟನ್ನೂ ಕೊಟ್ಟರೆ ದೊಡ್ಡವು ಬೇಗ ಮುಗಿಸಿ ಚಿಕ್ಕವಕ್ಕಾಗಿ ಕಾಯುತ್ತವೆ. ಅದಕ್ಕೇ ಕೋರ್ ಸಂಖ್ಯೆ 4, 6, 8 ಎಂದು ಬದಲಿಸಿ ಒಮ್ಮೆ ಸಮಯ ಅಳೆದುಕೊಳ್ಳಿ.

ಎಲೆಕ್ಟ್ರಾನಿಕ್ಸ್ ಓದುವವರಿಗೆ ಚಿಪ್ಪಿನೊಳಗಿನ ಸರ್ಕ್ಯೂಟ್ ವಿನ್ಯಾಸದ ವಿವಾಡೊ ಇದ್ದರೆ, ಕೋಡನ್ನು ಸರ್ಕ್ಯೂಟ್ ಆಗಿ ಬದಲಿಸುವ ಸಿಂಥೆಸಿಸ್‌ಗೆ ಗ್ರಾಫಿಕ್ಸ್ ಕಾರ್ಡ್‌ನಿಂದ ಏನೂ ಉಪಯೋಗವಿಲ್ಲ, ಆದರೆ ಅದು ಹತ್ತಾರು ಜಿಬಿ ಡಿಸ್ಕ್ ನುಂಗುತ್ತದೆ. ಇನ್‌ಸ್ಟಾಲ್ ಮಾಡುವಾಗ ನಿಮ್ಮ ಬೋರ್ಡಿನ ಚಿಪ್ ಕುಟುಂಬವನ್ನಷ್ಟೇ ಟಿಕ್ ಮಾಡಿ. ಮೆಷೀನ್ ಲರ್ನಿಂಗ್ ಕಡೆ ಹೋಗುವವರಿಗೆ ಎನ್‌ವಿಡಿಯಾ ಕಾರ್ಡೇ ಬೇಕು, ಅದಕ್ಕೆ ಬಳಸುವ ಎನ್‌ವಿಡಿಯಾದ ಸಾಫ್ಟ್‌ವೇರ್ ಕುಡಾ ಬೇರೆಯವರ ಚಿಪ್ಪಿನಲ್ಲಿ ಓಡುವುದಿಲ್ಲ. ಮೆಷೀನ್ ಲರ್ನಿಂಗ್‌ನ ಲೈಬ್ರರಿ ಟೆನ್ಸರ್‌ಫ್ಲೋ ವಿಂಡೋಸ್‌ನಲ್ಲಿ ನೇರವಾಗಿ ಜಿಪಿಯು (ಗ್ರಾಫಿಕ್ಸ್ ಚಿಪ್) ಬಳಸುವುದನ್ನು 2.10ನೇ ಆವೃತ್ತಿಗೇ ನಿಲ್ಲಿಸಿದೆ. ಮುಂದಿನವಕ್ಕೆ ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್2 ಬೇಕು. ಡಬ್ಲ್ಯುಎಸ್‌ಎಲ್2 ತಾನಾಗಿಯೇ ಅರ್ಧ ರ‍್ಯಾಮ್‌ವರೆಗೂ ಬಾಚಿಕೊಳ್ಳಬಲ್ಲದು, ಬಳಕೆದಾರರ ಫೋಲ್ಡರ್‌ನಲ್ಲಿಡುವ ಅದರ ಕಾನ್ಫಿಗ್ ಫೈಲಿನಲ್ಲಿ ಮಿತಿ ಬರೆದಿಡಬಹುದು. ಕಂಪ್ಯೂಟರ್ ಸೈನ್ಸ್ ಓದುತ್ತಾ ಗೇಮ್ ಆಡದವರು ಈ ವಿಮರ್ಶೆಯನ್ನು ಇಲ್ಲಿಗೇ ಮುಚ್ಚಿ, ಒಂದೂವರೆ ಕೆಜಿಯೊಳಗಿನ, 16 ಜಿಬಿಯ ಸಾಧಾರಣ ಲ್ಯಾಪ್‌ಟಾಪ್ ಕೊಳ್ಳುವುದು ಜಾಣತನ.

ವಿಂಡೋಸ್ ಪಕ್ಕದಲ್ಲೇ ಉಬುಂಟು ಲಿನಕ್ಸ್ ಹಾಕುವವರು ಮೂರು ಕಡೆ ಎಡವುತ್ತಾರೆ. ಒಂದು, ಡಿವೈಸ್ ಎನ್‌ಕ್ರಿಪ್ಶನ್ (ಡಿಸ್ಕಿಗೆ ಹಾಕಿದ ಬೀಗ): ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ (ಸಹಿಯಿಲ್ಲದ ಸಾಫ್ಟ್‌ವೇರ್ ಬೂಟ್ ಆಗದಂತೆ ತಡೆಯುವ ಕಾವಲು) ಮುಟ್ಟಿದ ಕೂಡಲೇ ವಿಂಡೋಸ್ 48 ಅಂಕಿಗಳ ಬಿಟ್‌ಲಾಕರ್ ರಿಕವರಿ ಕೀ ಕೇಳುತ್ತದೆ. ಅದನ್ನು ಮೊದಲೇ ಬೇರೆಡೆ ಬರೆದಿಟ್ಟುಕೊಳ್ಳಿ. ಎರಡು, ಇಂಟೆಲ್ ಯಂತ್ರಗಳಲ್ಲಿ ಡಿಸ್ಕ್ ನಿಯಂತ್ರಿಸುವ ಬಯಾಸ್ ಸೆಟ್ಟಿಂಗ್ ವಿಎಂಡಿ ಆನ್ ಇದ್ದರೆ ಎಸ್‌ಎಸ್‌ಡಿಯೇ ಉಬುಂಟು ಇನ್‌ಸ್ಟಾಲರ್‌ಗೆ ಕಾಣದೆ ಹೋಗಬಹುದು. ಅದನ್ನು ಸುಮ್ಮನೆ ಆಫ್ ಮಾಡಿದರೆ ವಿಂಡೋಸ್ ಬೂಟ್ ಆಗುವುದಿಲ್ಲ. ಮೊದಲು ಸೇಫ್ ಮೋಡ್‌ಗೆ ಸಜ್ಜುಮಾಡಿ, ಆಮೇಲೆ ವಿಎಂಡಿ ತೆಗೆದು, ಸೇಫ್ ಮೋಡ್‌ನಲ್ಲಿ ಒಮ್ಮೆ ಬೂಟ್ ಆದ ಮೇಲೆ ಮಾಮೂಲಿಗೆ ಮರಳಬೇಕು. ಮೂರು, ಎನ್‌ವಿಡಿಯಾ ಡ್ರೈವರ್ ಹಾಕಿ ರೀಸ್ಟಾರ್ಟ್ ಮಾಡಿದಾಗ ಬರುವ ನೀಲಿ ಪರದೆ. ಅಲ್ಲಿ ಎನ್‌ರೋಲ್ ಎಂಒಕೆ ಆರಿಸಿ, ಇನ್‌ಸ್ಟಾಲ್ ವೇಳೆ ಕೊಟ್ಟ ಪಾಸ್‌ವರ್ಡ್ ಹಾಕಬೇಕು. ಅವಸರದಲ್ಲಿ ಕಂಟಿನ್ಯೂ ಒತ್ತಿದವರಿಗೆ ಡ್ರೈವರ್ ಲೋಡ್ ಆಗುವುದಿಲ್ಲ. ಸೆಕ್ಯೂರ್ ಬೂಟನ್ನೇ ಆಫ್ ಮಾಡಿ ಈ ಗೋಜಿನಿಂದ ಪಾರಾಗುವ ಸಲಹೆ ಎಲ್ಲೆಡೆ ಸಿಗುತ್ತದೆ, ಆದರೆ ವಿಂಡೋಸ್ 11ರಲ್ಲಿ ವ್ಯಾಲರಂಟ್‌ಗೆ ಸೆಕ್ಯೂರ್ ಬೂಟ್ ಮತ್ತು ಭದ್ರತಾ ಘಟಕ ಟಿಪಿಎಂ 2.0 ಎರಡೂ ಇರಲೇಬೇಕು.

ಡಿಸ್ಕ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 512 ಜಿಬಿ ಅಂದದ್ದು ವಿಂಡೋಸ್‌ನಲ್ಲಿ 476 ಎಂದು ಕಾಣುತ್ತದೆ, ಅದು ಮೋಸವಲ್ಲ, ಎಣಿಸುವ ರೀತಿ ಬೇರೆ. ಇನ್ನೊಂದು ಎಸ್‌ಎಸ್‌ಡಿ ಹಾಕಲು ಎರಡನೇ ಎಂ.2 ಸ್ಲಾಟ್ ಇದೆಯೇ, ಅದರ ಉದ್ದ 2280ಯೋ (80 ಮಿ.ಮೀ.) 2242ಯೋ (42 ಮಿ.ಮೀ.) ಕೇಳಿ.

ಪರದೆಗೆ ಅತಿ ಕಡಿಮೆ ಅಂಕ. 144 ಹರ್ಟ್ಸ್ ಎಂದು ಸ್ಟಿಕರ್ ಹೊಳೆಯುತ್ತದೆ. 45% ಎನ್‌ಟಿಎಸ್‌ಸಿ (ಬಣ್ಣಗಳ ವ್ಯಾಪ್ತಿ), 250 ನಿಟ್ಸ್ (ಪರದೆಯ ಪ್ರಖರತೆ) ಎಂಬುದು ಸಣ್ಣಕ್ಷರದಲ್ಲಿ. ಕೆಂಪು ಬಣ್ಣ ಇಟ್ಟಿಗೆಯಂತೆ ಮಂಕಾಗಿ ಕಾಣುತ್ತದೆ, ಕಿಟಕಿಯ ಪಕ್ಕ ಕೂತರೆ ಓದಲು ಕಣ್ಣು ಕಿರಿದಾಗಿಸಬೇಕು. 144 ಹರ್ಟ್ಸ್‌ನಲ್ಲಿ ಒಂದು ಫ್ರೇಮ್‌ಗೆ ಸಿಗುವುದು ಸುಮಾರು 6.9 ಮಿಲಿಸೆಕೆಂಡ್. ಅಗ್ಗದ ಪ್ಯಾನಲ್‌ನಲ್ಲಿ ಬಣ್ಣ ಬದಲಾಗಲು ಅದಕ್ಕಿಂತ ಎಷ್ಟೋ ಹೆಚ್ಚು ಸಮಯ ಬೇಕಾಗುವುದರಿಂದ ಓಡುವ ವಸ್ತುವಿನ ಹಿಂದೆ ನೆರಳು ಎಳೆಯುತ್ತದೆ. ಇದೇ ಮಾದರಿಯಲ್ಲಿ ಹೆಚ್ಚು ಬಣ್ಣ ತೋರಿಸುವ 100% ಎಸ್‌ಆರ್‌ಜಿಬಿ, 300 ನಿಟ್ಸ್‌ನ ಪ್ಯಾನಲ್ ಸಿಗುವುದಾದರೆ, ಪ್ರೊಸೆಸರ್ ಒಂದು ಮೆಟ್ಟಿಲು ಕೆಳಗಿಳಿದರೂ ಅದನ್ನೇ ಕೊಳ್ಳಿ. ರ‍್ಯಾಮ್, ಎಸ್‌ಎಸ್‌ಡಿ ಆಮೇಲೆ ಹಾಕಬಹುದು, ಪರದೆ ಬದಲಿಸುವುದು ದುಬಾರಿ.

ಬಿಸಿಯ ವಿಷಯದಲ್ಲಿ ಈ ವರ್ಗದಿಂದ ಪವಾಡ ನಿರೀಕ್ಷಿಸಬೇಡಿ. ಪರ್ಫಾರ್ಮೆನ್ಸ್ ಮೋಡ್‌ನಲ್ಲಿ ಅರ್ಧ ಗಂಟೆ ಆಡಿದರೆ ಪ್ರೊಸೆಸರ್ 95 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ, ಫ್ಯಾನ್ ಸದ್ದು ಹೆಡ್‌ಫೋನ್ ಇಲ್ಲದೆ ಸಹಿಸಲಾಗದು. ಮೂರು ಉಪಾಯ ಫಲಿಸಿವೆ. ಹಿಂಭಾಗವನ್ನು ಎರಡು ಮೂರು ಸೆಂಟಿಮೀಟರ್ ಎತ್ತಿಡುವುದು. ಡ್ರೈವರ್‌ನಲ್ಲಿ ಫ್ರೇಮ್ ಮಿತಿಯನ್ನು 75ಕ್ಕೆ ಕಟ್ಟುವುದು. ಗ್ರಾಫಿಕ್ಸ್ ಮೇಲೆ ನಿಂತ ಆಟಗಳಿಗೆ ಪವರ್ ಆಪ್ಶನ್ಸ್‌ನಲ್ಲಿ ಪ್ರೊಸೆಸರ್‌ನ ಗರಿಷ್ಠ ಸ್ಥಿತಿಯನ್ನು 99%ಗೆ ಇಳಿಸುವುದು. ಮೂರನೆಯದರಿಂದ ಟರ್ಬೋ (ಪ್ರೊಸೆಸರ್‌ನ ಹೆಚ್ಚುವರಿ ವೇಗ) ನಿಂತು ತಾಪ ತಕ್ಷಣ ಇಳಿಯುತ್ತದೆ, ಕಂಪೈಲ್ ಮಾಡುವಾಗ ಮತ್ತೆ 100 ಮಾಡಲು ಮರೆಯಬೇಡಿ. ಆರು ತಿಂಗಳಿಗೊಮ್ಮೆ ಧೂಳು ಊದಿ, ಆಗ ಫ್ಯಾನ್ ರೆಕ್ಕೆ ತಿರುಗದಂತೆ ಬೆರಳಲ್ಲಿ ಹಿಡಿದಿರಬೇಕು. ಎರಡನೇ ವರ್ಷದ ಕೊನೆಗೆ ಧೂಳು ತೆಗೆದರೂ ತಾಪ ಇಳಿಯದೆ, ಒಂದು ದೊಡ್ಡ ಕೋರ್ ಮಿಕ್ಕವಕ್ಕಿಂತ 15 ಡಿಗ್ರಿ ಹೆಚ್ಚು ತೋರಿಸತೊಡಗಿತು. ಬಿಸಿಯನ್ನು ಹೊರಸಾಗಿಸುವ ಪೇಸ್ಟ್ ಚಿಪ್‌ನ ನಡುವಿನಿಂದ ಅಂಚಿಗೆ ಸರಿದಿರುವುದರ ಗುರುತು ಅದು. ಮತ್ತೆ ತೆಳು ಪೇಸ್ಟ್ ಹಾಕಿದರೆ ಕೆಲವೇ ತಿಂಗಳಲ್ಲಿ ಅದೇ ಗತಿ. ಬಿಸಿಗೆ ಮೆದುವಾಗಿ ಹರಡುವ ಪಿಟಿಎಂ7950 ಹಾಳೆ ಹಾಕಿದ ಮೇಲೆ ಸ್ಥಿರವಾಗಿದೆ.

ಬ್ಯಾಟರಿಯ ಲೆಕ್ಕ ಸರಳ. ಗ್ರಾಫಿಕ್ಸ್ ಕಾರ್ಡ್ ಮಲಗಿದ್ದು ನೋಟ್ಸ್, ಬ್ರೌಸರ್ ಅಷ್ಟೇ ಇದ್ದರೆ 11 ವ್ಯಾಟ್ ಸುಮಾರು ಖರ್ಚು, ಐದು ಗಂಟೆ ಬರುತ್ತದೆ. ಕಾರ್ಡ್ ಎಚ್ಚರವಾಗಿ ಸುಮ್ಮನೆ ಕೂತಿದ್ದರೂ ಆ ಐದು ಗಂಟೆ ಮೂರಕ್ಕೆ ಇಳಿಯುತ್ತದೆ. ಎಬ್ಬಿಸುವವು ಯಾವುವೆಂದರೆ ಚಲಿಸುವ ವಾಲ್‌ಪೇಪರ್, ದೀಪ ನಿಯಂತ್ರಿಸುವ ಆ್ಯಪ್, ಗೇಮ್ ಲಾಂಚರ್, ಎಚ್‌ಡಿಎಂಐಗೆ ಸಿಕ್ಕಿಸಿದ ಪ್ರೊಜೆಕ್ಟರ್. ಬ್ಯಾಟರಿ ಮೇಲೆ ಗೇಮ್ ಆಡುವ ಯೋಚನೆ ಬಿಡಿ, ಕಾರ್ಡಿಗೆ ಬೇಕಾದ ವ್ಯಾಟ್ ಬ್ಯಾಟರಿಯಿಂದ ಬರುವುದೇ ಇಲ್ಲ. ಹೊರುವ ಭಾರ ಚಾರ್ಜರ್ ಸೇರಿ 2.6 ಕೆಜಿ. ಟೈಪ್-ಸಿ ಪೋರ್ಟ್ ಇದೆ, ಚಾರ್ಜ್ ತೆಗೆದುಕೊಳ್ಳುವುದಿಲ್ಲ. ತೆಗೆದುಕೊಳ್ಳುವ ಮಾದರಿ ಸಿಕ್ಕರೆ ತರಗತಿಗೆ 65 ವ್ಯಾಟ್‌ನ ಚಿಕ್ಕ ಚಾರ್ಜರ್ ಸಾಕಾಗುತ್ತದೆ.

ನಾಲ್ಕನೇ ಸೆಮಿಸ್ಟರ್‌ನಲ್ಲಿ ಎಡಗಡೆಯ ಹಿಂಜ್ ಬಳಿ ಕಟಕಟ ಸದ್ದು ಬಂತು, ಪರದೆಯ ಚೌಕಟ್ಟು ಬಿರುಕುಬಿಟ್ಟಿತು. ಹಿತ್ತಾಳೆಯ ಪುಟ್ಟ ನಟ್‌ಗಳನ್ನು ಪ್ಲಾಸ್ಟಿಕ್‌ನಲ್ಲಿ ಹುದುಗಿಸಿ ಅವಕ್ಕೆ ಬಿಗಿಯಾದ ಹಿಂಜ್ ಸ್ಕ್ರೂ ಮಾಡಿರುತ್ತಾರೆ. ದಿನಕ್ಕೆ ಹತ್ತು ಸಲ ಒಂದೇ ಮೂಲೆ ಹಿಡಿದು ಎತ್ತಿದರೆ ನಟ್ ಪ್ಲಾಸ್ಟಿಕ್ ಸಮೇತ ಕಿತ್ತುಬರುತ್ತದೆ. ಮೇಲ್ಭಾಗದ ನಡುವೆ ಹಿಡಿದು ತೆರೆಯಿರಿ. ಸದ್ದು ಕೇಳಿದ ದಿನವೇ ತೋರಿಸಿದರೆ ಹಿಂಜ್ ಸಡಿಲಿಸಿ ಅಂಟು ಹಾಕಿದರೆ ಮುಗಿಯುತ್ತದೆ, ಬಿಟ್ಟರೆ ಇಡೀ ಮುಚ್ಚಳ, ಅದೃಷ್ಟ ಕೆಟ್ಟರೆ ಡಿಸ್‌ಪ್ಲೇ ಕೇಬಲ್ ಕೂಡ.

ಚಾರ್ಜ್ ಮಿತಿಯನ್ನು ಮೊದಲಿಂದ 80%ಗೆ ಇಟ್ಟಿದ್ದರೂ ಬ್ಯಾಟರಿ ರಿಪೋರ್ಟ್ ಈಗ 57ರ ಬದಲು 47 ವ್ಯಾಟ್-ಅವರ್ ತೋರಿಸುತ್ತಿದೆ. ಕೊನೆಯ ವರ್ಷಕ್ಕೆ ಬ್ಯಾಟರಿ ಬದಲಿಸಬೇಕಾಗಬಹುದು. ಹೊಸದನ್ನು ತರಿಸುವಾಗ ಲ್ಯಾಪ್‌ಟಾಪ್ ಮಾದರಿಯ ಹೆಸರು ನೋಡಿ ಕೊಳ್ಳಬಾರದು. ಹಳೆಯ ಬ್ಯಾಟರಿಯ ಮೇಲಿನ ಪಾರ್ಟ್ ನಂಬರ್, ವೋಲ್ಟೇಜ್, ಕನೆಕ್ಟರ್‌ನ ತಂತಿ ಯಾವ ಬದಿಯಿಂದ ಹೊರಡುತ್ತದೆ ಎಂಬ ಮೂರೂ ತಾಳೆಯಾಗಬೇಕು.