ನಾಲ್ಕು ಮಳೆಗಾಲ ಜೊತೆಗಿದ್ದ ಹತ್ತು ಪಟ್ಟಿನ ಲೆನ್ಸ್

ಬೈಂದೂರಿನ ಒತ್ತಿನೆಣೆ ಕಡೆಯ ಮುರಕಲ್ಲು ಗುಡ್ಡದಲ್ಲಿ ಬೇಸಿಗೆಗೆ ಕಾಣುವುದು ಕಲ್ಲು, ಒಣಹುಲ್ಲು ಅಷ್ಟೇ. ಆಗಸ್ಟ್‌ನಲ್ಲಿ ಹೋಗಿ ನೋಡಿ. ಕಲ್ಲಿನ ಹಳ್ಳಗಳಲ್ಲಿ ತೆಳುವಾಗಿ ನೀರು ನಿಂತಿರುತ್ತದೆ, ಅದರ ಸುತ್ತ ನೀಲಿ, ಬಿಳಿ ಹೂಗಳು. ಅವನ್ನು ಗುರುತಿಸಿ ಬರೆದಿಡಲು ನಾನು ಬಳಸುವುದು ಮಡಚುವ ಪುಟ್ಟ ಲೆನ್ಸ್. ಮೂರು ಗಾಜು ಸೇರಿಸಿ ಮಾಡಿದ್ದು, ಹತ್ತು ಪಟ್ಟು ದೊಡ್ಡದಾಗಿ ತೋರಿಸುತ್ತದೆ.

ಮೊದಲು ತಂದದ್ದು ಅಗ್ಗದ ಒಂಟಿಗಾಜಿನದು. ಡಬ್ಬಿಯ ಮೇಲೆ 30 ಪಟ್ಟು ಅಂತಿತ್ತು. ಆದರೆ ಅಂಚಿನಲ್ಲೆಲ್ಲ ಕಾಮನಬಿಲ್ಲು, ಗೆರೆಗಳೆಲ್ಲ ಸೊಟ್ಟ. ಪಟ್ಟು ಜಾಸ್ತಿ ಇದ್ದರೆ ಒಳ್ಳೆಯದು ಅಂದುಕೊಳ್ಳಬೇಡಿ, ಹತ್ತು ಧಾರಾಳ ಸಾಕು.

ಲೆನ್ಸನ್ನು ಕಣ್ಣಿಗೆ ಒತ್ತಿದಂತೆ ಹಿಡಿದು, ಹೂವಿನಿಂದ ಎರಡೂವರೆ ಸೆಂಟಿಮೀಟರ್ ದೂರಕ್ಕೆ ಮುಖ ತರಬೇಕು. ಹೂ ಗೇಣೆತ್ತರವೂ ಇರುವುದಿಲ್ಲ, ಹಾಗಾಗಿ ಟಾರ್ಪಾಲು ಹಾಸಿ ಬೋರಲು ಮಲಗುತ್ತೇನೆ. ಗಿಡ ಕೀಳುವ ಮಾತೇ ಇಲ್ಲ.

ಮೊದಲ ವರ್ಷ ನನ್ನ ಪುಸ್ತಕದಲ್ಲಿ "ನೀಲಿ ಹೂ, ತುಂಬಾ ಇದೆ" ಅಂತ ಬರೆದಿದ್ದೆ. ಅದರಿಂದ ಯಾರಿಗೆ ಏನು ಪ್ರಯೋಜನ, ಅಲ್ವಾ? ಲೆನ್ಸ್ ಬಂದ ಮೇಲೆ ಅದೇ ನೀಲಿ ಎರಡಾಯಿತು. ಒಂದು ಮುರ್ಡೇನಿಯ, ಮೂರು ಎಸಳಿನದು. ಇನ್ನೊಂದು ಯುಟ್ರಿಕ್ಯುಲೇರಿಯ ರೆಟಿಕ್ಯುಲೇಟ, ಹುಲ್ಲಿಗೆ ಸುತ್ತಿಕೊಂಡು ಏರುವ ಗಿಡ. ಇದರ ಕೆಳತುಟಿಯ ನಡುವೆ ಬಿಳಿ ಉಬ್ಬು, ಅದರ ಮೇಲೆ ಬಲೆ ನೇಯ್ದ ಹಾಗೆ ನೇರಳೆ ಗೆರೆಗಳು. ಬೆನ್ನ ಹಿಂದೆ ಚೂಪು ಬಾಲ. ಮಣ್ಣಿನೊಳಗೆ ಸಣ್ಣ ಚೀಲಗಳಿಂದ ಹುಳ ಹೀರುವ ಗಿಡದ ಮುಖ ಇಷ್ಟು ಚೆಂದ ಇರುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

ಈ ಲೆನ್ಸಿಗೂ ಮಿತಿ ಇದೆ. ಬಿಳಿ ಗುಂಡಿಯಂಥ ಎರಿಯೋಕಾಲನ್ ಹೂಗೊಂಚಲಿನ ಜಾತಿ ಹೇಳಲು ಬೀಜದ ಮೇಲ್ಮೈ ನೋಡಬೇಕಾಗುತ್ತದೆ, ಅದಕ್ಕೆ ಮೈಕ್ರೋಸ್ಕೋಪೇ ಬೇಕು. ಅಂಥಲ್ಲಿ ಊಹಿಸಿ ಬರೆಯುವುದಿಲ್ಲ, "ಎರಿಯೋಕಾಲನ್" ಅಂತ ಕುಲದ ಹೆಸರಷ್ಟೇ ಬರೆಯುತ್ತೇನೆ.

ಫೋನ್ ಕ್ಯಾಮೆರಾಕ್ಕೆ ಇದೇ ಲೆನ್ಸ್ ಒತ್ತಿ ಹಿಡಿದರೆ ಫೋಟೋ ಚೆನ್ನಾಗಿ ಬರುತ್ತದೆ. ಎದುರಿನಿಂದ, ಪಕ್ಕದಿಂದ, ಎಲೆ, ಜೊತೆಗೊಂದು ಸ್ಕೇಲು. ತಾರೀಕು, ಜಾಗ, ನೀರು ನಿಂತಿತ್ತೇ ಇಲ್ಲವೇ ಎಂಬುದನ್ನು ಅಲ್ಲೇ ಬರೆದು, ಮನೆಗೆ ಬಂದು ಐನ್ಯಾಚುರಲಿಸ್ಟ್‌ಗೆ, ಅಂದರೆ ಗಿಡ, ಪ್ರಾಣಿಗಳ ಫೋಟೋ ಹಂಚಿಕೊಳ್ಳುವ ಜಾಲತಾಣಕ್ಕೆ, ಹಾಕುತ್ತೇನೆ. ಬಲ್ಲವರು ಹೆಸರು ತಿದ್ದಿಕೊಡುತ್ತಾರೆ.

ಎರಡನೇ ಮಳೆಗಾಲದಲ್ಲಿ ಗಾಜಿನ ಮೇಲೆ ಬೂಷ್ಟು ಬಂತು. ಸುಮ್ನೆ ಒದ್ದೆ ಜೇಬಿನಲ್ಲೇ ಬಿಟ್ಟದ್ದು ನನ್ನ ತಪ್ಪು. ಈಗ ಒರೆಸಿ, ಹುರಿದ ಅಕ್ಕಿಯನ್ನು ಬಟ್ಟೆಯಲ್ಲಿ ಕಟ್ಟಿ ಹಾಕಿದ ಡಬ್ಬಿಯಲ್ಲಿ ಮುಚ್ಚಿಡುತ್ತೇನೆ. ಆ ಅಕ್ಕಿಯನ್ನು ವಾರಕ್ಕೊಮ್ಮೆ ಬದಲಿಸಬೇಕು.