ಹುಲಿ ಮತ್ತು ಬುದ್ಧ: ಮಧ್ಯಪ್ರದೇಶವೋ, ಮಹಾರಾಷ್ಟ್ರವೋ?

ಒಂದೇ ಕಾರು ಪ್ರವಾಸದಲ್ಲಿ ಹುಲಿ ಸಫಾರಿಯೂ ಬೇಕು, ಬೌದ್ಧ ತಾಣಗಳೂ ಬೇಕು ಅನ್ನುವವರಿಗೆ ಈ ಎರಡು ದಾರಿಗಳು ಒಳ್ಳೆಯವು.

ಮಧ್ಯಪ್ರದೇಶದಲ್ಲಿ ಬಾಂಧವಗಢ ಮತ್ತು ಸಾಂಚಿ. ಹುಲಿ ನೋಡಲು ಬಾಂಧವಗಢ ಹೆಸರುವಾಸಿ. ಆದರೆ ಅಲ್ಲಿಂದ ಸಾಂಚಿಗೆ ಡ್ರೈವಿಂಗ್ ಜಾಸ್ತಿ, ಒಂದು ಇಡೀ ದಿನ ಅದಕ್ಕೇ ಬೇಕು. ಸಾಂಚಿಯ ಬೌದ್ಧ ಸ್ತೂಪದ ತೋರಣಗಳ, ಅಂದರೆ ಕೆತ್ತನೆಯ ಕಲ್ಲಿನ ಹೆಬ್ಬಾಗಿಲುಗಳ, ಹತ್ತಿರ ನಿಂತು ನಿಧಾನವಾಗಿ ನೋಡಿ. ಬುದ್ಧ ಅಲ್ಲಿ ಮನುಷ್ಯ ರೂಪದಲ್ಲಿ ಕಾಣುವುದಿಲ್ಲ. ಬೋಧಿವೃಕ್ಷ, ಹೆಜ್ಜೆಗುರುತು, ಚಕ್ರ, ಅಷ್ಟೇ. ಅದನ್ನು ನೋಡುತ್ತಾ ನಿಂತರೆ ಹೊತ್ತು ಹೋಗಿದ್ದೇ ಗೊತ್ತಾಗುವುದಿಲ್ಲ.

ಮಹಾರಾಷ್ಟ್ರದಲ್ಲಿ ನಾಗಪುರದಿಂದ ಹೊರಡಿ. 1956ರ ಅಕ್ಟೋಬರ್ 14ರಂದು ಅಂಬೇಡ್ಕರ್ ಬೌದ್ಧ ಧರ್ಮ ಸ್ವೀಕರಿಸಿದ ದೀಕ್ಷಾಭೂಮಿ ಅಲ್ಲೇ ಇದೆ. ಹುಲಿ ಕಾಡು ತಾಡೋಬಾ ಅಲ್ಲಿಂದ ಕೆಲವೇ ಗಂಟೆಗಳ ದಾರಿ. ಆಮೇಲೆ ಪಶ್ಚಿಮಕ್ಕೆ ಅಜಂತಾದ ಬೌದ್ಧ ಗುಹೆಗಳು. ಒಂದನೇ ಗುಹೆಯ ಪದ್ಮಪಾಣಿ (ಕಮಲ ಹಿಡಿದ ಬೋಧಿಸತ್ವ) ಚಿತ್ರವನ್ನು ಮಂದ ಬೆಳಕಿಗೆ ಕಣ್ಣು ಒಗ್ಗಿದ ಮೇಲೆಯೇ ನೋಡಬೇಕು.

ಮೊದಲ ಸಲ ಹೋಗುವವರಿಗೆ ನಾನು ಮಹಾರಾಷ್ಟ್ರವನ್ನೇ ಹೇಳುತ್ತೇನೆ. ಅಲ್ಲಿ ಹಳೆಯ ಬೌದ್ಧ ಧರ್ಮದ ಜೊತೆಗೆ ಇಂದಿಗೂ ಬದುಕಿರುವುದೂ ಕಾಣುತ್ತದೆ, ಅಲ್ವಾ? ಶಿಲ್ಪವೇ ಮುಖ್ಯ ಅನ್ನುವವರು ಸಾಂಚಿಗೇ ಹೋಗಿ.

ಅಜಂತಾಗೆ ಸೋಮವಾರ ರಜೆ, ತಾಡೋಬಾದ ಸಫಾರಿಗೆ ಮಂಗಳವಾರ. ಮಳೆಗಾಲದಲ್ಲಿ ಎರಡೂ ಕಾಡುಗಳ ಕೋರ್ ವಲಯ, ಅಂದರೆ ಒಳಭಾಗ, ಮುಚ್ಚಿರುತ್ತದೆ. ಸಫಾರಿ ಸೀಟು ಸಿಕ್ಕ ಮೇಲೆಯೇ ಉಳಿದ ದಿನಗಳನ್ನು ಗೊತ್ತು ಮಾಡಿ.